ಬೇಲಿಗೆ ಬಿದ್ದ ಉಣ್ಣೆ

ಕುರಿಯ ಮೈಮೇಲಿನ ಉಣ್ಣೆಯನ್ನು ಕಾಲಕಾಲಕ್ಕೆ ಕತ್ತರಿಸಲೇಬೇಕು. ಅದು ಕುರಿಗಾರನ ಲಾಭನಷ್ಟದ ಮಾತಾಗುವುದಕ್ಕೆ ಮೊದಲು ಕುರಿಯ ಆರೋಗ್ಯದ ಮಾತು. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಕತ್ತರಿಸುವುದು ವಾಡಿಕೆ. ಹಾಗೆ ಕತ್ತರಿಸಿದ ಉಣ್ಣೆ ಈಗ ಕೊಳ್ಳುವವರಿಲ್ಲದೆ ಬೇಲಿಯ ಬುಡಕ್ಕೂ ತಿಪ್ಪೆಗೂ ಬೀಳುತ್ತಿದೆ. ಸರ್ಕಾರ ಕಾರಣ, ಗಿರಣಿ ಕಾರಣ, ಹೊರದೇಶದ ಉಣ್ಣೆ ಕಾರಣ ಎಂದು ಹೇಳುವವರಿದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇವತ್ತು ನನ್ನ ಜಗಳ ಅವರೊಂದಿಗೆ ಇಲ್ಲ. ಮನೆಗೆ ಯಾವ ಹಾಸಿಗೆ ಹೊದಿಕೆ ಬರಬೇಕು, ಯಾವುದು ಹೊಸಲು ದಾಟಬಾರದು ಎಂದು ತೀರ್ಮಾನಿಸುವವರು ಹೆಂಗಸರು. ಪಟ್ಟಣದ ಅಕ್ಕತಂಗಿಯರೇ, ನನ್ನ ಜಗಳ ನಿಮ್ಮ ಜೊತೆಗೆ. ಕೋಪ ಮಾಡಿಕೊಂಡು ಪುಟ ತಿರುಗಿಸಬೇಡಿ. ನಾವು ಜಗಳವಾಡುವುದು ಹತ್ತಿರದವರ ಜೊತೆಗೇ ಅಲ್ಲವೇ?

ನಾನು ಪಾಠ ಹೇಳುವ ಊರು ಕಡೂರು ತಾಲ್ಲೂಕಿನ ಸಖರಾಯಪಟ್ಟಣ. ಒಂದು ಕಡೆ ಶಕುನಗಿರಿ, ಅದರ ಬುಡದಲ್ಲಿ ಅಯ್ಯನಕೆರೆ, ಅದರಾಚೆ ಮಲೆನಾಡು. ಇನ್ನೊಂದು ಕಡೆ ಕಡೂರು, ಬೀರೂರು, ಅಜ್ಜಂಪುರದವರೆಗೆ ಹಬ್ಬಿದ ಬಯಲು; ರಾಗಿ, ತೆಂಗು, ಮಳೆಗಾಗಿ ಮುಗಿಲು ನೋಡುವ ಜನ. ಈ ಬಯಲಿನಲ್ಲಿ ಕುರಿ ಮೇಯಿಸುವುದು ಇಂದು ನಿನ್ನೆಯ ಕಸುಬಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿಕೊಂಡು, ಅದರ ಗೊಬ್ಬರಕ್ಕಾಗಿ ಕುರಿಗಾರನಿಗೆ ಕಾಳನ್ನೋ ದುಡ್ಡನ್ನೋ ಕೊಡುವ ರೈತರು ಇಂದಿಗೂ ಇದ್ದಾರೆ.

ಇದೇ ಬಯಲಿನ ಕಾವಲುಗಳಲ್ಲಿ ಮೈಸೂರು ಅರಸರ ದನಗಳೂ ಮೇಯುತ್ತಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಇಲಾಖೆಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವಿದೆ. ನಾನು ಮಕ್ಕಳಿಗೆ ಚರಿತ್ರೆ ಹೇಳುವಾಗ ಅಮೃತ ಮಹಲಿನ ಎತ್ತು ಯುದ್ಧದಲ್ಲಿ ಫಿರಂಗಿ ಎಳೆದದ್ದನ್ನು ಹೇಳುತ್ತೇನೆ. ಮಕ್ಕಳ ಕಣ್ಣು ಅರಳುತ್ತದೆ. ಆದರೆ ಅದೇ ದಂಡಿನ ಸಿಪಾಯಿ ರಾತ್ರಿ ಏನು ಹೊದ್ದು ಮಲಗಿದ ಎಂದು ಯಾವ ಪಠ್ಯಪುಸ್ತಕವೂ ಬರೆದಿಲ್ಲ. ಅವನು ಹೊದ್ದದ್ದು ಕಂಬಳಿ. ಇಂಗ್ಲಿಷರಿಗೂ ಅದು ಎಷ್ಟು ಬೇಕಾಯಿತೆಂದರೆ ನಮ್ಮ ಮಾತನ್ನೇ ತಿರುಚಿ ತಮ್ಮ ನಿಘಂಟಿಗೆ ಸೇರಿಸಿಕೊಂಡರು. ದನಕ್ಕೆ ಚರಿತ್ರೆ ಸಿಕ್ಕಿತು, ಕುರಿಗೆ ಸಿಗಲಿಲ್ಲ.

ಈಗ ಉಣ್ಣೆಯ ಮಾತಿಗೆ ಬರೋಣ. ಕಾಡುಕುರಿಗೆ ಕತ್ತರಿ ಬೇಡ. ಚಳಿಗಾಲ ಮುಗಿದೊಡನೆ ಅದರ ತುಪ್ಪಟ ತಾನಾಗಿ ಉದುರುತ್ತದೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಕುರಿಯನ್ನು ಹಟ್ಟಿಗೆ ತಂದು, ಉಣ್ಣೆ ಉದುರದೆ ನಿಲ್ಲುವ ಕುರಿಗಳನ್ನೇ ಆರಿಸಿ ಆರಿಸಿ ಬೆಳೆಸಿದ. ಅಂದಿನಿಂದ ಕುರಿಯ ಮೈ ಹಗುರ ಮಾಡುವ ಹೊಣೆ ಮನುಷ್ಯನದಾಯಿತು. 2015ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ ಮಂದೆ ತಪ್ಪಿ ವರ್ಷಗಟ್ಟಲೆ ಅಲೆದ ಮೆರಿನೋ ಟಗರೊಂದು ಸಿಕ್ಕಿತು. ಅದರ ಮೈಯಿಂದ ತೆಗೆದ ಉಣ್ಣೆ 40 ಕಿಲೋಗಿಂತ ಹೆಚ್ಚು ತೂಗಿತು. ನಡೆಯಲೂ ಕಷ್ಟಪಡುತ್ತಿದ್ದ ಆ ಪ್ರಾಣಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ನಮ್ಮ ದಕ್ಖನಿ ಕುರಿಯ ಮೇಲೆ ಅಷ್ಟೊಂದು ಉಣ್ಣೆ ಬೆಳೆಯುವುದಿಲ್ಲ. ವರ್ಷಕ್ಕೆ ಒಂದು ಕಿಲೋ ಕೂಡ ತುಂಬುವುದು ಕಷ್ಟ. ಆದರೂ ಕತ್ತರಿಸದೆ ಬಿಟ್ಟರೆ ಸಂಕಟ ತಪ್ಪಿದ್ದಲ್ಲ. ಹಿಕ್ಕೆ, ಗಂಜಲ, ಕೆಸರು ಸೇರಿ ಉಣ್ಣೆ ಜಡೆಗಟ್ಟುತ್ತದೆ. ಒಳಗೆ ಹೇನು, ಉಣುಗು ಮನೆ ಮಾಡುತ್ತವೆ. ಒದ್ದೆ ಜಡೆಯಲ್ಲಿ ನೊಣ ಮೊಟ್ಟೆಯಿಟ್ಟು ಹುಳುವಾಗಿ ಜೀವಂತ ಮಾಂಸವನ್ನೇ ತಿನ್ನುತ್ತವೆ. ಜಾಲಿ ಮುಳ್ಳಿಗೆ ಸಿಕ್ಕಿಕೊಂಡ ಉಣ್ಣೆಯನ್ನು ಕಿತ್ತುಕೊಳ್ಳಲು ಒದ್ದಾಡಿ ಚರ್ಮ ಹರಿಯುತ್ತದೆ. ಅದಕ್ಕೇ ನಮ್ಮ ಕುರಿಗಾರರು ಮೊದಲು ಕೆರೆಯ ನೀರಿನಲ್ಲಿ ಕುರಿಯ ಮೈ ತೊಳೆದು, ಬಿಸಿಲಿಗೆ ಒಣಗಿಸಿ, ಕಾಲು ಕಟ್ಟಿ ಮಲಗಿಸಿ, ಕತ್ತರಿಯ ಮೊನೆ ಚರ್ಮಕ್ಕೆ ತಾಗದಂತೆ ಒಂದೇ ಹಚ್ಚಡದ ಹಾಗೆ ಉಣ್ಣೆ ಬಿಡಿಸುತ್ತಾರೆ. ಜಡಿಮಳೆಯ ದಿನ ಕತ್ತರಿ ಮುಟ್ಟುವುದಿಲ್ಲ. ಗಾಯವಾದರೆ ಆ ಕ್ಷಣವೇ ಅರಿಸಿನವನ್ನೋ ಔಷಧವನ್ನೋ ಹಚ್ಚುತ್ತಾರೆ. ಯಾವ ಕಾಲೇಜೂ ಕಲಿಸದ ವಿದ್ಯೆ ಇದು.

ಈ ವಿದ್ಯೆಗೆ ಬೆಲೆ ಇರುವುದು ಉಣ್ಣೆಗೆ ಬೆಲೆ ಇರುವವರೆಗೆ ಮಾತ್ರ. ಒಂದು ಕುರಿಯ ಉಣ್ಣೆ ಮಾರಿದರೆ ಕತ್ತರಿಸಿದವನ ಕೂಲಿಯೂ ಹುಟ್ಟದಿದ್ದರೆ ಕುರಿಗಾರ ಏನು ಮಾಡಬೇಕು? ಅವನಿಗೆ ಎರಡೇ ದಾರಿ. ಒಂದು, ಕೈಯಿಂದ ದುಡ್ಡು ಹಾಕಿ ಕತ್ತರಿಸಿ ಉಣ್ಣೆಯನ್ನು ಬೇಲಿಗೆ ಎಸೆಯುವುದು. ಇನ್ನೊಂದು, ಉಣ್ಣೆಯಿಲ್ಲದ, ಕೂದಲು ತಾನೇ ಉದುರುವ, ಮಾಂಸಕ್ಕೆಂದೇ ಸಾಕುವ ತಳಿಗಳನ್ನು ತಂದುಕೊಳ್ಳುವುದು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು ಒಂದು ಕೋಟಿ ಹತ್ತು ಲಕ್ಷದ ಸುಮಾರು; ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಮೂರನೆಯ ಸ್ಥಾನ. ಕುರಿಗೆ ಬರವಿಲ್ಲ. ಕುರಿಯ ಮಾಂಸಕ್ಕೆ ಗಿರಾಕಿ ಇದ್ದಾರೆ, ಮೈಯ ಉಣ್ಣೆಗೆ ಇಲ್ಲ, ಅಷ್ಟೇ.

ಕೆಳಗಿನ ತರಗತಿಯೊಂದರಲ್ಲಿ ‘ಕುರಿ ನಮಗೆ ಉಣ್ಣೆ ಕೊಡುತ್ತದೆ’ ಎಂಬ ಸಾಲನ್ನು ಮಕ್ಕಳಿಂದ ಓದಿಸುತ್ತಿದ್ದೆ. ಹಿಂದಿನ ಬೆಂಚಿನ ಕುರಿಗಾರರ ಮನೆಯ ಹುಡುಗ ತಣ್ಣಗೆ ಅಂದ: “ಕೊಡ್ತದೆ ಟೀಚರ್, ತಗಳ್ಳೋರೇ ಇಲ್ಲ.” ಇಡೀ ಅರ್ಥಶಾಸ್ತ್ರವನ್ನು ಅವನು ಒಂದೇ ಉಸುರಿಗೆ ಹೇಳಿ ಮುಗಿಸಿದ. ಪಠ್ಯಪುಸ್ತಕ ಮಾತ್ರ ಇನ್ನೂ ಅದೇ ಸಾಲನ್ನು ಹೇಳುತ್ತಿದೆ.

ಇನ್ನು ಹೆಂಗಸರ ಪಾಲನ್ನು ನೋಡಿ. ಕಂಬಳಿ ಎಂದರೆ ಮಗ್ಗದ ಮುಂದೆ ಕೂತ ಗಂಡಸು ನಮ್ಮ ಕಣ್ಣಿಗೆ ಬರುತ್ತಾನೆ. ಅವನು ಮಗ್ಗಕ್ಕೆ ಕೂರುವ ಮೊದಲು ಉಣ್ಣೆಯನ್ನು ಬಣ್ಣದ ಪ್ರಕಾರ ಬೇರೆ ಮಾಡಬೇಕು, ಕಸ ಕಡ್ಡಿ ಆರಿಸಬೇಕು, ಹಿಂಜಬೇಕು, ರಾಟೆಯಲ್ಲಿ ನೂಲಬೇಕು. ಹುಣಸೆ ಬೀಜ ನೆನೆಸಿ, ಅರೆದು, ಬೇಯಿಸಿ, ಹಾಸಿನ ನೂಲಿಗೆ ಹಚ್ಚುವ ಗಂಜಿ ಮಾಡಬೇಕು. ಇದರಲ್ಲಿ ಹೆಚ್ಚಿನದು ಹೆಂಗಸರ ಕೆಲಸ. ಅಡುಗೆ, ನೀರು, ಮಕ್ಕಳು, ಮರಿಕುರಿಗಳ ಆರೈಕೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾಡುವ ಕೆಲಸ. ಒಂದು ಹಟ್ಟಿಯಲ್ಲಿ ಅಜ್ಜಿಯೊಬ್ಬಳನ್ನು “ಒಂದು ಕಂಬಳಿಯ ನೂಲಿಗೆ ಎಷ್ಟು ದಿನ ಹಿಡೀತದೆ ಅಜ್ಜಿ?” ಎಂದು ಕೇಳಿದ್ದೆ. ಅವಳು ನಕ್ಕಳು. “ದಿನ ಲೆಕ್ಕ ಹಾಕಾಕೆ ಅದು ಕೂಲಿ ಏನವ್ವ? ಮನೆ ಕೆಲಸ ಅಲ್ವಾ?” ಎಂದಳು.

ಆ ಮಾತನ್ನು ಪಟ್ಟಣದ ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಕೆಲಸ ಎಂದರೆ ಲೆಕ್ಕಕ್ಕಿಲ್ಲದ ಕೆಲಸ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಉಣ್ಣೆಗೆ ಬೆಲೆ ಬಿದ್ದಾಗ ಮೊದಲು ಹೋದದ್ದು ಆ ಅಜ್ಜಿಯ ರಾಟೆ. ಅದು ಹೋದದ್ದು ಯಾವ ಅಂಕಿಅಂಶದಲ್ಲೂ ಬರಲಿಲ್ಲ, ಏಕೆಂದರೆ ಅದು ಇದ್ದದ್ದೇ ಯಾವ ಲೆಕ್ಕದಲ್ಲೂ ಇರಲಿಲ್ಲ.

ಕಂಬಳಿಗೆ ಗೌರವ ಇಲ್ಲವೆಂದು ಹೇಳುವ ಹಾಗೂ ಇಲ್ಲ. ಬೀರೂರಿನ ಮೈಲಾರಲಿಂಗನ ಜಾತ್ರೆಯಲ್ಲಿ ಗೊರವಯ್ಯ ಕರಿ ಕಂಬಳಿಯ ನಿಲುವಂಗಿ ತೊಟ್ಟು ಬಂದರೆ ಊರಿಗೆ ಊರೇ ಕೈಮುಗಿಯುತ್ತದೆ. ಶುಭಕಾರ್ಯಕ್ಕೆ ಕಂಬಳಿಯ ಗದ್ದುಗೆ ಹಾಸುವ ಮನೆತನಗಳು ಎಷ್ಟೋ ಇವೆ. ಚುನಾವಣೆ ಬಂದರೆ ವೇದಿಕೆಯ ಮೇಲೆ ಮುಖಂಡರ ಹೆಗಲಿಗೆ ಕಂಬಳಿ ಬೀಳುತ್ತದೆ. 2021ರ ಅಕ್ಟೋಬರಿನಲ್ಲಿ, ಸಿಂದಗಿ ಮತ್ತು ಹಾನಗಲ್ ಉಪಚುನಾವಣೆಯ ಹೊತ್ತಿಗೆ, ಕಂಬಳಿ ಹೊದೆಯುವ ಯೋಗ್ಯತೆ ಯಾರಿಗಿದೆ ಎಂದು ರಾಜ್ಯದ ದೊಡ್ಡ ದೊಡ್ಡ ಗಂಡಸರು ದಿನಗಟ್ಟಲೆ ವಾದಿಸಿದರು. ಹೊದೆಯುವವರ ಬಗ್ಗೆ ಅಷ್ಟು ಮಾತಾಯಿತು. ನೂತವಳ ಬಗ್ಗೆ, ಆ ನೂಲಿಗೆ ಸಿಕ್ಕ ಕೂಲಿಯ ಬಗ್ಗೆ ಒಂದು ಮಾತು ನನ್ನ ಕಿವಿಗೆ ಬೀಳಲಿಲ್ಲ. ವೇದಿಕೆಯ ಗೌರವ ವೇದಿಕೆಯಲ್ಲೇ ಮುಗಿಯಿತು. ಮಾರನೆಯ ದಿನ ಸಂತೆಯಲ್ಲಿ ಕಂಬಳಿಗೆ ಚೌಕಾಸಿ ಎಂದಿನಂತೆ ನಡೆಯಿತು.

ನಿಮ್ಮ ಆಕ್ಷೇಪಣೆಗಳು ನನಗೆ ಗೊತ್ತು. ಒಂದೊಂದಾಗಿ ಉತ್ತರ ಹೇಳುತ್ತೇನೆ.

ಮೊದಲನೆಯದು, ಕಂಬಳಿ ಚುಚ್ಚುತ್ತದೆ. ನಿಜ. ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪ. ನಮ್ಮ ದಕ್ಖನಿ, ಬಳ್ಳಾರಿ ಕುರಿಗಳದು 50 ಮೈಕ್ರಾನ್‌ಗೂ ಮೇಲೆ. ಎಳೆಮಗುವಿನ ಮೈಗೆ ಅದನ್ನು ನೇರವಾಗಿ ಸುತ್ತಬೇಕೆಂದು ನಾನು ಹೇಳುವುದಿಲ್ಲ. ಒಳಗೊಂದು ಹಳೆಯ ಹತ್ತಿ ಸೀರೆ ಇಟ್ಟು ಹೊದೆಯಿರಿ, ಇಲ್ಲವೇ ಹಾಸಿಗೆಯ ಕೆಳಗೆ ಹಾಸಿರಿ. ಹತ್ತಾರು ಬಟ್ಟೆ ಸೇರಿಸಿ ಕೌದಿ ಹೊಲಿಯಲು ಗೊತ್ತಿದ್ದ ನಮ್ಮ ಹೆಂಗಸರಿಗೆ ಇದೇನು ದೊಡ್ಡ ಉಪಾಯವೇ?

ಎರಡನೆಯದು, ಕೂದಲು ಉದುರುತ್ತದೆ. ಇದಕ್ಕೆ ಮಾತ್ರ ನನಗೆ ನಗು ಬರುತ್ತದೆ. ಬೆಂಗಳೂರಿನಲ್ಲಿ ನನಗೆ ಪರಿಚಯದ ಮನೆಯೊಂದಿದೆ. ಮಗಳಿಗೆಂದು ಗಿನಿಪಿಗ್ ಸಾಕಿದ್ದಾರೆ. ಉದ್ದ ಕೂದಲಿನ ಪೆರುವಿಯನ್ ಜಾತಿಯದು. ಗಿಡ್ಡ ಕೂದಲಿನದಾದರೆ ವಾರಕ್ಕೊಮ್ಮೆ ಬಾಚಿದರೆ ಸಾಕಂತೆ. ಇದನ್ನು ದಿನಾ ಬಾಚಬೇಕು. ಬಾಚದಿದ್ದರೆ ಕೂದಲು ಗಂಟುಕಟ್ಟಿ ಕೆಳಗಿನ ಚರ್ಮ ಹುಣ್ಣಾಗುತ್ತದೆ. ಹಿಂಭಾಗದ ಕೂದಲು ಕೊಳೆಯಾಗದಂತೆ ಆಗಾಗ ಕತ್ತರಿಸಬೇಕು. ಮೇಲಿಂದ ಮೇಲೆ ಸ್ನಾನ ಮಾಡಿಸಿದರೆ ಚರ್ಮ ಒಣಗುತ್ತದೆ, ಥಂಡಿಯೂ ಆಗುತ್ತದೆ. ವರ್ಷವಿಡೀ ಅಷ್ಟಿಷ್ಟು ಕೂದಲು ಉದುರುತ್ತಲೇ ಇರುತ್ತದೆ. ಆ ತಾಯಿ ಇದನ್ನೆಲ್ಲ ತಿಳಿದುಕೊಂಡು, ಮೃದುವಾದ ಬ್ರಷ್ ತಂದು, ಸೋಫಾದ ಮೇಲಿನ ಕೂದಲನ್ನು ಬೇಸರವಿಲ್ಲದೆ ಗುಡಿಸುತ್ತಾಳೆ. ನಾನು ಅದನ್ನು ಮೆಚ್ಚುತ್ತೇನೆ. ಸಾಕಿದ ಮೇಲೆ ಪ್ರಾಣಿಯ ಮೈ ನೋಡಿಕೊಳ್ಳುವುದು ಧರ್ಮ. ಆದರೆ ಅದೇ ಮನೆಯಲ್ಲಿ ಊರಿಂದ ತಂದ ಕಂಬಳಿಯಿಂದ ನಾಲ್ಕು ಎಳೆ ಉದುರಿದ್ದಕ್ಕೆ ಅದು ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಪಕ್ಕಕ್ಕೆ ಹೋಯಿತು! ಪೇಟೆಯಲ್ಲಿ ದುಡ್ಡು ಕೊಟ್ಟು ತಂದ ಪ್ರಾಣಿಯ ಕೂದಲು ಮುದ್ದು, ನಮ್ಮ ಬಯಲಿನ ಕುರಿಯ ಕೂದಲು ಅಸಹ್ಯ. ಹೊಸ ಕಂಬಳಿಯಲ್ಲಿ ಸಡಿಲವಾದ ಗಿಡ್ಡ ಎಳೆಗಳು ಇರುತ್ತವೆ. ನಾಲ್ಕೈದು ಸಲ ಬಿಸಿಲಿನಲ್ಲಿ ಕೊಡವಿ, ಗಟ್ಟಿ ಬ್ರಷ್‌ನಿಂದ ಒಂದೇ ದಿಕ್ಕಿಗೆ ತೀಡಿದರೆ ಉದುರುವುದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಗಿನಿಪಿಗ್ಗಿಗೆ ದಿನಾ ಕೊಡುವ ಆರೈಕೆ ಇದಕ್ಕೆ ಬೇಡ.

ಮೂರನೆಯದು, ಒಗೆಯುವುದು ಕಷ್ಟ, ನುಸಿ ತಿನ್ನುತ್ತದೆ. ಕಂಬಳಿಯನ್ನು ಬೆಡ್‌ಶೀಟಿನ ಹಾಗೆ ವಾರಕ್ಕೊಮ್ಮೆ ಒಗೆಯಬೇಕಾಗಿಲ್ಲ. ಬಿಸಿಲು, ಗಾಳಿಯೇ ಅದಕ್ಕೆ ಅರ್ಧ ಸ್ನಾನ. ಒಗೆಯಲೇಬೇಕಾದಾಗ ತಣ್ಣೀರಿನಲ್ಲಿ ಅಂಟುವಾಳದ ನೊರೆ ಸಾಕು. ಬಿಸಿನೀರು ಹಾಕಿ ಕುಕ್ಕಿ ಹಿಂಡಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಮಡಚಿಡುವಾಗ ಪೂರ್ತಿ ಒಣಗಿರಬೇಕು. ನಡುವೆ ಒಣಗಿದ ಬೇವಿನ ಎಲೆ ಇಟ್ಟು, ಆಗಾಗ ತೆಗೆದು ಬಿಸಿಲು ಕಾಣಿಸಿ. ರೇಷ್ಮೆ ಸೀರೆಗೆ ಇದಕ್ಕಿಂತ ಹೆಚ್ಚು ಉಪಚಾರ ಮಾಡುವುದಿಲ್ಲವೇ ನಾವು?

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳಬೇಕು. ಅಜ್ಜಿಯರ ಕಾಲದ ಅನೇಕ ಮನೆಗಳಲ್ಲಿ ಹೆಣ್ಣು ಮೂರು ದಿನ ‘ಹೊರಗೆ’ ಕೂತಾಗ ಅವಳ ಪಾಲಿಗೆ ಬರುತ್ತಿದ್ದದ್ದು ಒಂದು ಚಾಪೆ, ಒಂದು ಕಂಬಳಿ. ಉಣ್ಣೆಗೆ ಮೈಲಿಗೆಯಿಲ್ಲ, ನೀರು ಚಿಮುಕಿಸಿದರೆ ಸಾಕು ಎಂಬ ಲೆಕ್ಕ. ಹೀಗೆ ಕಂಬಳಿ ಎಂದರೆ ಮೂಲೆ, ಕತ್ತಲೆ, ಮುಟ್ಟಬೇಡ ಎಂಬ ನೆನಪಾಗಿ ನಮ್ಮ ತಾಯಂದಿರ ಮನಸ್ಸಿನಲ್ಲಿ ಉಳಿಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮೂಲೆಯಲ್ಲಿ ಕೂರಿಸಿದ್ದು ಉಣ್ಣೆಯಲ್ಲ, ಮನೆಯ ಕಟ್ಟಳೆ. ತಮಾಷೆಯೆಂದರೆ ಅದೇ ಕಟ್ಟಳೆಯ ಮನೆಗಳಲ್ಲಿ ಮಡಿಯ ಅಡುಗೆಗೆ, ಪೂಜೆಗೆ ಧಾಬಳಿ ಉಡುತ್ತಿದ್ದರು. ಧಾಬಳಿಯೂ ಉಣ್ಣೆಯೇ. ಒಳಗಿನವರಿಗೆ ಬಂದರೆ ಮಡಿ, ಕುರುಬರ ಹೆಗಲಿಗೆ ಬಂದರೆ ವಾಸನೆ! ಕಂಬಳಿಯನ್ನು ಹೊರಗಿಡುವಾಗ ಉಣ್ಣೆಯ ವಾಸನೆ ನೆಪ. ಹೊರಗಿಡುತ್ತಿರುವುದು ಅದನ್ನು ಹೊದ್ದವರನ್ನು. ನಾನು ಆ ಕುಲದಲ್ಲಿ ಹುಟ್ಟಿದವಳಲ್ಲ, ಆದ್ದರಿಂದಲೇ ಇದನ್ನು ನಾನು ಹೇಳಬೇಕು.

ಐದನೆಯದು ಬೆಲೆ. ಅಂಗಡಿಯಲ್ಲಿ ಬಣ್ಣಬಣ್ಣದ ಹೂವಿನ ಮೆತ್ತನೆಯ ರಗ್ಗು ಅಗ್ಗಕ್ಕೆ ಸಿಗುವಾಗ ಕಂಬಳಿಗೆ ಅಷ್ಟೇಕೆ ಕೊಡಬೇಕು ಎನ್ನುತ್ತೀರಿ. ಆ ರಗ್ಗು ಹೆಚ್ಚಾಗಿ ಪಾಲಿಯೆಸ್ಟರು. ನೀರಿನ ಬಾಟಲಿ ಮಾಡುವ ಜಾತಿಯದೇ ಪ್ಲಾಸ್ಟಿಕ್ಕು. ಅದೂ ಉದುರುತ್ತದೆ, ತಿಳಿದಿರಲಿ! ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ನೀರಿಗೆ ಸೇರುತ್ತವೆ, ಮತ್ತು ಅವು ಕೊಳೆಯುವುದಿಲ್ಲ. ಕುರಿಯ ಕೂದಲು ಉದುರಿದರೆ ಗುಡಿಸಬಹುದು. ಇದನ್ನು ಯಾವ ಪೊರಕೆಯಿಂದ ಗುಡಿಸುತ್ತೀರಿ? ಇನ್ನೊಂದು ಮಾತು ಅಡುಗೆಮನೆಯಲ್ಲಿ ನಿಲ್ಲುವ ಹೆಂಗಸರು ನೆನಪಿಡಬೇಕು. ಪಾಲಿಯೆಸ್ಟರು ಸುಮಾರು 250-260 ಡಿಗ್ರಿ ಶಾಖಕ್ಕೆ ಕರಗಿ ಮೈಗೆ ಅಂಟುತ್ತದೆ. ಉಣ್ಣೆ ಅಷ್ಟು ಸುಲಭವಾಗಿ ಹೊತ್ತುವುದಿಲ್ಲ. ಹೊತ್ತಿದರೂ ಕಿಡಿ ಸರಿದೊಡನೆ ಸಾಮಾನ್ಯವಾಗಿ ತಾನೇ ಆರುತ್ತದೆ. ಸೀರೆಗೆ ಬೆಂಕಿ ಹತ್ತಿದರೆ ದಪ್ಪ ಕಂಬಳಿ ಸುತ್ತಿ ಆರಿಸಿ ಎಂದು ಪ್ರಥಮ ಚಿಕಿತ್ಸೆಯ ಪಾಠದಲ್ಲಿ ನಾವು ಮಕ್ಕಳಿಗೆ ಹೇಳುತ್ತೇವೆ. ಎಷ್ಟು ಮನೆಗಳಲ್ಲಿ ಈಗ ಆ ಕಂಬಳಿ ಇದೆ? ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಒದ್ದೆಯೆನಿಸದೆ ಬೆಚ್ಚಗಿಡುತ್ತದೆ. ಮಳೆಯಲ್ಲಿ ಕುರಿಗಾರ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಲ್ಲುವುದು ಕೊಡೆ ಕೊಳ್ಳಲು ಗತಿಯಿಲ್ಲದೆ ಎಂದು ತಿಳಿಯಬೇಡಿ.

ಪ್ರಾಣಿದಯೆಯ ಮಾತಾಡುವ ಹೊಸ ತಲೆಮಾರಿನ ಹುಡುಗಿಯರೂ ಇದ್ದಾರೆ. ಉಣ್ಣೆ ತೆಗೆಯುವುದು ಹಿಂಸೆ ಎನ್ನುತ್ತಾರೆ. ದೊಡ್ಡ ದೊಡ್ಡ ಫಾರಂಗಳಲ್ಲಿ ಅವಸರದ ಯಂತ್ರದಿಂದ ಕುರಿಗೆ ಗಾಯವಾಗುವುದುಂಟು. ಅದನ್ನು ವಿರೋಧಿಸಲಿ, ನಾನೂ ಜೊತೆಗಿದ್ದೇನೆ. ಆದರೆ ಉಣ್ಣೆ ಕತ್ತರಿಸಿದರೆ ಕುರಿ ಬದುಕುತ್ತದೆ, ಮತ್ತೆ ಬೆಳೆಸುತ್ತದೆ. ಉಣ್ಣೆಗೆ ಬೆಲೆಯಿಲ್ಲವಾದರೆ ಅದಕ್ಕೆ ಉಳಿಯುವ ಬೆಲೆ ಕಟುಕನ ತಕ್ಕಡಿಯದು ಒಂದೇ. ದಯೆ ಯಾವುದರಲ್ಲಿದೆ ಎಂದು ಅವರೇ ಯೋಚಿಸಲಿ.

ಹಾಗಾದರೆ ಮಾಡಬೇಕಾದದ್ದೇನು? ಮನೆಗೊಂದು ಕೈಮಗ್ಗದ ಕಂಬಳಿ ತನ್ನಿ. ಕಂಬಳಿಗೆ ಹೆಸರಾದ ಚಳ್ಳಕೆರೆ ನಮಗೇನು ಪರದೇಶವಲ್ಲ. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಉಣ್ಣೆ ಎಲ್ಲಿಯದು, ನೂತವರು ಯಾರು? ಗಿರಣಿಯ ಹಳೆಯ ಬಟ್ಟೆ ಹಿಂಜಿ ಮಾಡಿದ ಸರಕನ್ನೂ ಕಂಬಳಿಯೆಂದೇ ಮಾರುತ್ತಾರೆ, ಕೇಳದೆ ಗೊತ್ತಾಗುವುದಿಲ್ಲ. ಉತ್ತರ ಸರಿಯಿದ್ದರೆ ಚೌಕಾಸಿ ಮಾಡಬೇಡಿ. ಮಾಲ್‌ನಲ್ಲಿ ಚೀಟಿ ನೋಡಿ ತೆಪ್ಪಗೆ ದುಡ್ಡು ಕೊಡುವ ನಾವು, ಅಜ್ಜಿಯ ರಾಟೆಯ ಮುಂದೆ ಮಾತ್ರ ಏಕೆ ಜಾಣೆಯರಾಗಬೇಕು?

2000ನೆಯ ಇಸವಿಯ ಸುಮಾರಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿವೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯಾಚೆಗೆ ಅವುಗಳಿಗೆ ಕೆಲಸವೇ ಇಲ್ಲವೇ? ಹಟ್ಟಿಗಳಿಂದ ಉಣ್ಣೆ ಕೂಡಿಸಿ, ಬಣ್ಣ ಬೇರ್ಪಡಿಸಿ, ನೂಲುವವರಿಗೆ ದಿನಗೂಲಿಯ ಲೆಕ್ಕದಲ್ಲಿ ಹಣ ಕೊಡುವ ಕೆಲಸವನ್ನು ಅವು ಎತ್ತಿಕೊಳ್ಳಲಿ. ನೂಲಿಗೆ ಬಾರದ ಕೊಳಕು ಉಣ್ಣೆಯನ್ನೂ ಬೇಲಿಗೆ ಎಸೆಯಬೇಕಿಲ್ಲ. ಅದರಲ್ಲಿ ಸಾರಜನಕವಿದೆ, ತೆಂಗಿನ ಪಾತಿಗೆ ಮುಚ್ಚಿಗೆಯಾಗಿ ಹಾಕಿದರೆ ತೇವ ಹಿಡಿದಿಟ್ಟು, ನಿಧಾನವಾಗಿ ಕೊಳೆತು ಗೊಬ್ಬರವಾಗುತ್ತದೆ. ನಮ್ಮ ಕಡೂರಿನ ಬರದ ತೋಟಗಳಿಗೆ ಇದಕ್ಕಿಂತ ಬೇರೆ ಬೇಕೆ? ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಎಂದು ಸರ್ಕಾರದ್ದೇ ಒಂದು ಸಂಸ್ಥೆಯಿದೆ. ಹೆಸರಿನಲ್ಲಿರುವ ಎರಡನೆಯ ಪದವನ್ನು ಮರೆಯಬೇಡಿ ಎಂದು ಹೆಂಗಸರು ಹೋಗಿ ಕೇಳಲಿ. ಮಕ್ಕಳ ಹಾಸ್ಟೆಲುಗಳಿಗೆ, ಹೆರಿಗೆ ಆಸ್ಪತ್ರೆಗಳಿಗೆ ಹೊದಿಕೆ ಕೊಳ್ಳುವಾಗ ಒಂದು ಪಾಲಾದರೂ ಕೈಮಗ್ಗದ ಕಂಬಳಿ ಇರಲಿ ಎಂದು ಅರ್ಜಿ ಬರೆಯಲಿ. ಅರ್ಜಿ ಬರೆಯಲು ಬಾರದಿದ್ದರೆ ನಮ್ಮಂಥ ಟೀಚರುಗಳು ಇರುವುದೇತಕ್ಕೆ?

ಕುರಿಯ ಮೈಯಿಂದ ಉಣ್ಣೆ ಬೆಳೆಸಿಕೊಂಡದ್ದು ಮನುಷ್ಯನ ಆಸೆ. ಆಸೆ ತೀರಿದ ಮೇಲೆ ಹೊರೆಯನ್ನು ಕುರಿಯ ಮೈಮೇಲೂ, ನಷ್ಟವನ್ನು ಹಟ್ಟಿಯ ಹೆಂಗಸಿನ ತಲೆಯ ಮೇಲೂ ಬಿಟ್ಟು ನಾವು ಪ್ಲಾಸ್ಟಿಕ್ ಹೊದ್ದು ಮಲಗಿದರೆ ಅದು ನ್ಯಾಯವಲ್ಲ. ಮುಂದಿನ ಚಳಿಗಾಲಕ್ಕೆ ಹೊದಿಕೆ ಕೊಳ್ಳಲು ಹೊರಟಾಗ ಈ ಮಾತು ನೆನಪಾಗಲಿ. ನಾನು ಸಿಟ್ಟಿನಲ್ಲಿ ಹೇಳಿದ್ದರೆ, ಆ ಸಿಟ್ಟಾದರೂ ನೆನಪಾಗಲಿ.